ಎರಡು ಕಡೆ ಕುರುಡು

ಕಾಯೆನ್ ಕಡೆಯಿಂದ ರಾತ್ರಿ ಬಸ್ಸು ಹಿಡಿದು
ಮಶ್ಹದಿನ ನಮ್ಮ ಕಣ್ಣಾಸ್ಪತ್ರೆಗೆ ಬಂದಳು ಗೋಲಂದಾಮ್ ಖಾನುಮ್,
ನನಗೆಂದು ಒಣ ಜರಿಷ್ಕ್ ಹಣ್ಣಿನ ಗಂಟು ಹಿಡಿದು.
ಬೆರಳ ತುದಿಗಳು ಹಳದಿ,
ಐವತ್ತೆರಡು ಸುಗ್ಗಿಯ ಹಳದಿ, ಸೋಪಿಗೂ ಜಗ್ಗದ್ದು.

ಚೌಕಳಿ ಹಾಳೆ ಹಿಡಿದೆ. ಗೆರೆ ನೆಟ್ಟಗಿವೆಯೇ?
"ಎಲ್ಲವೂ ಬಾವಿಗೆ ಬಗ್ಗಿ ಇಣುಕುತ್ತಿವೆ."
ನಡುವಿನ ಚುಕ್ಕೆ?
"ಒಳಗೆ ಬಿದ್ದಿರಬೇಕು, ಮಗಳೇ."

ಕೋಳಿ ಕಾಳು ನೋಡುವಂತೆ
ಕತ್ತು ಓರೆ ಮಾಡಿ ಅಂಚಿನಿಂದ ನನ್ನ ನೋಡಿದಳು.
ಹೂ ಬಿಡಿಸಲು ಕಣ್ಣೇ ಬೇಡವಂತೆ:
ಬಿಸಿಲೇರುವ ಮೊದಲು ಕೊಯ್ದ ನೇರಳೆ ರಾಶಿ,
ಮೂರು ಕೆಂಪು ಎಳೆ ಎಳೆದರೆ ಒಂದು ಹೂ ಮುಗಿಯಿತು,
ನೂರೈವತ್ತು ಹೂ ಮುಗಿದರೆ ಒಂದು ಗ್ರಾಂ.
ನಿಮ್ಮ ಚಹಾಕ್ಕೂ ಹಾಕುತ್ತೀರಾ, ಎಂದೆ.
"ಅಕ್ಕಸಾಲಿ ಚಿನ್ನ ತಿನ್ನುತ್ತಾನೇನು?"

ಆ ಕೆಂಪಿಗೆ ನಮ್ಮ ಪುಸ್ತಕದಲ್ಲಿ ಕ್ರೋಸಿನ್ ಎಂದು ಹೆಸರು.
ಬೆಳಕಿಗೆ ಸುಟ್ಟುಹೋಗಲಿದ್ದ ಇಲಿಯ ಕಣ್ಣನ್ನು ಅದು ಕಾದಿದೆ.
ಮನುಷ್ಯರದನ್ನು? ಗೊತ್ತಿಲ್ಲ.
ಅದಕ್ಕೇ ಈ ಡಬ್ಬಿಗಳು: ಕೆಲವರಲ್ಲಿ ಕೇಸರಿ, ಕೆಲವರಲ್ಲಿ ಬರೀ ಹಿಟ್ಟು,
ವಾಸನೆ ಬಾರದಂತೆ ಎರಡು ಪದರ ಹೊದಿಸಿದ್ದು.
ಯಾರಿಗೆ ಯಾವುದೆಂದು ತಿನ್ನುವವರಿಗೂ ತಿಳಿಯದು, ಕೊಡುವ ನನಗೂ.
ಇಂಥದಕ್ಕೆ 'ಎರಡು ಕಡೆ ಕುರುಡು' ಎನ್ನುತ್ತೇವೆ.
ಆಕೆಗೆ ವಿವರಿಸುವಾಗ ಆ ಮಾತು ನುಂಗಿಕೊಂಡೆ.

ಡಬ್ಬಿ ತೆರೆದಳು.
ಒಂದು ಗುಳಿಗೆ ಮೂಗಿಗೆ ಹಿಡಿದಳು,
ಒಂದು ಉಸಿರಿನಷ್ಟು ಹೊತ್ತು.
ಮುಚ್ಚಿದಳು.
ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕೇಳಿದಳು.

ಆರು ತಿಂಗಳು. ಹಿಮ ಬಿದ್ದು ದಾರಿ ಕಟ್ಟಿದ ವಾರವೂ ಸೇರಿ
ಒಂದು ಗುಳಿಗೆ ಉಳಿಸದೆ ಖಾಲಿ ಡಬ್ಬಿ ತಂದಳು.
ಚುಕ್ಕೆ ಮಾತ್ರ ಬಾವಿಯಿಂದ ಮೇಲೆ ಬರಲಿಲ್ಲ.

ಕೊನೆಯ ದಿನ, ಕೇಳಬಾರದ್ದನ್ನು ಕೇಳಿದೆ:
ಮೊದಲ ದಿನವೇ ಗೊತ್ತಾಗಿತ್ತಲ್ಲವೇ?
ಸಕ್ಕರೆ ಹರಳನ್ನು ದವಡೆಗೆ ಒತ್ತಿ ಚಹಾ ಹೀರಿದಳು.
"ಹಿಟ್ಟು ತಿನ್ನುವವರೂ ಬೇಕಲ್ಲ.
ಇಲ್ಲದಿದ್ದರೆ ಕೇಸರಿ ತಿಂದವರನ್ನು
ಯಾರ ಪಕ್ಕ ನಿಲ್ಲಿಸಿ ಅಳೆಯುತ್ತೀರಿ?"
ಮನೆಯಲ್ಲಿ ಡಬ್ಬದ ತುಂಬ ಇತ್ತಲ್ಲ ಖಾನುಮ್, ಒಂದೆಳೆ?
"ತಿನ್ನಬೇಡಿ ಅಂದಿದ್ದೆಯಲ್ಲ."

ಬಸ್ಸು ಹೊರಟುಹೋಯಿತು.
ನನ್ನ ಮುಂದಿನ ಫಾರ್ಮಿನಲ್ಲಿ ಒಂದು ಪುಟ್ಟ ಚೌಕ:
ರೋಗಿಗೆ ಗುಟ್ಟು ತಿಳಿದಿತ್ತೇ? ಹೌದು. ಇಲ್ಲ.
ಹೌದು ಅಂದರೆ ಲೆಕ್ಕದಿಂದ ಆಕೆಯ ಹೆಸರು ಹೊಡೆದು ಹಾಕಬೇಕು,
ಆರು ತಿಂಗಳ ಹಿಟ್ಟಿನ ಸಮೇತ.
ಪೆನ್ನು ಹಿಡಿದು ಕೂತಿದ್ದೇನೆ.
ಜರಿಷ್ಕ್ ಹುಳಿ ಇನ್ನೂ ಹಲ್ಲಲ್ಲಿದೆ.