ಏಳನೆಯ ಕಂಬ

ಇಗರ್ಜಿಯ ಬಾಗಿಲಿಗೆ ಅಂಟಿಸಿದ ಚೀಟಿ ಇಷ್ಟೇ ಹೇಳಿತ್ತು:
ಕೀಲಿಕೈ, ನೀಲಿ ಕಿಟಕಿಯ ಮನೆಯಲ್ಲಿ.
ಊರಲ್ಲಿ ನೀಲಿ ಕಿಟಕಿಯ ಮನೆಗಳು ನಾಲ್ಕು.
ಮೂರರಲ್ಲಿ ನಾಯಿಗಳಷ್ಟೇ ಓಗೊಟ್ಟವು.

ನಾಲ್ಕನೆಯದರಿಂದ ಬಂದಳು ಮುದುಕಿ ಸೊಲಾಂಜ್,
ಒದ್ದೆ ಕೈ, ಏಪ್ರನ್ನಿಗಂಟಿದ ಈರುಳ್ಳಿ ಸಿಪ್ಪೆ.
ಕೀಲಿಕೈಯೋ, ಸಾರಿನ ಸೌಟಿನಷ್ಟುದ್ದ.
'ಒಬ್ಬರನ್ನೇ ಬಿಡೋ ಹಾಗಿಲ್ಲ,
ಹೋದ ವರ್ಷ ಯಾರೋ ದೀಪಸ್ತಂಭ ಹೊತ್ತೊಯ್ದರು'
ಎನ್ನುತ್ತ ಮುಂದೆ ನಡೆದಳು, ಚಪ್ಪಲಿ ಎಳೆಯುತ್ತ.

ಒಳಗೆ ಜುಲೈ ಇರಲಿಲ್ಲ.
ಒಂಬೈನೂರು ವರ್ಷದ ತಂಪು
ಬಾವಿಯ ತಳದ ಹಾಗೆ ಕಾದಿತ್ತು.
ದಪ್ಪ ಗೋಡೆ, ಗೇಣಗಲದ ಕಿಂಡಿ,
ಕಮಾನಿನ ಬೆನ್ನಿಗೆ ಕಮಾನು,
ಮೂಟೆ ಹೊತ್ತ ಹಮಾಲರು ಸಾಲಾಗಿ ಬಗ್ಗಿದ ಹಾಗೆ.
ನಂಬಿಕೆಯಿಲ್ಲದ ನಾನೂ ಯಾಕೋ ಟೋಪಿ ತೆಗೆದೆ.

ಎರಡು ಯೂರೋ ಹಾಕಿದರೆ ಮೂರು ನಿಮಿಷ ದೀಪ.
ಹಾಕಿದೆ. ಕಂಬಗಳ ನೆತ್ತಿಯ ಮೇಲೆ ತಟ್ಟನೆ ಸಂತೆ:
ಕೊರಳಿಗೆ ಬಿಗಿದ ಹಣದ ಚೀಲದ ಭಾರಕ್ಕೇ
ನರಕಕ್ಕಿಳಿಯುತ್ತಿರುವ ಸಾಹುಕಾರ,
ತನ್ನ ಬಾಲ ತಾನೇ ಮೇಯುವ ಸಿಂಹ
(ಸಿಂಹ ನೋಡದವನ ಕೆತ್ತನೆ; ಮುಖ ಪಕ್ಕಾ ಟಗರು),
ಆತ್ಮ ತೂಗುವ ತಕ್ಕಡಿಗೆ ಕಳ್ಳಬೆರಳೊತ್ತುವ ಸೈತಾನ.
ಆ ಬೆರಳು ಎಲ್ಲ ಊರಿನ ಅಂಗಡಿಗೂ ಗೊತ್ತು.

ಏಳನೆಯ ಕಂಬದ ಮೇಲೆ ಏನೂ ಇಲ್ಲ.
ಬರೀ ಕಲ್ಲು. ಮೂಲೆಯಲ್ಲಿ ನಾಲ್ಕು ಉಳಿಯೇಟು.
'ಅದ್ಯಾಕೆ?' ಎಂದೆ ನನ್ನ ಮುರುಕು ಫ್ರೆಂಚಿನಲ್ಲಿ.
ಅವಳು ಬಾಯಿ ತೆರೆದಳು,
ದೀಪ ಆರಿತು.

ಮಾತು ಕತ್ತಲಲ್ಲೇ ಮುಂದುವರಿಯಿತು:
'ಜ್ವರ ಬಂದು ಸತ್ತ ಅಂತಾರೆ ಕೆಲವರು,
ಮಠದವರು ಕೂಲಿ ಕೊಡಲಿಲ್ಲ ಅಂತಾರೆ ಕೆಲವರು.
ನಮ್ಮಜ್ಜ ಅಂತಿದ್ದ, ಊಟದ ಗಂಟೆ ಹೊಡೀತು, ಎದ್ದು ಹೋದ, ಅಷ್ಟೇ.
ನನ್ನ ಆನ್ಸೆಲ್ಮ್ ಕೂಡ ಹಾಗೇ. ಬೇಲಿ ಕಟ್ಟುತ್ತಿದ್ದ.
ಸುತ್ತಿಗೆ ಇನ್ನೂ ಗೂಟದ ಮೇಲಿದೆ, ನಾನು ತೆಗೆದಿಲ್ಲ.
ಪೆಟ್ಟಿಗೆ ಇಟ್ಟಿದ್ದು ಇದೇ ಕಂಬದ ಬುಡದಲ್ಲಿ.'

ಚಿಲ್ಲರೆಗೆ ಜೇಬು ತಡಕಿದೆ. 'ಬೇಡ' ಎಂದಳು.
ಮಣಿಕಟ್ಟು ಹಿಡಿದು ನಡೆಸಿ
ನನ್ನ ಅಂಗೈಯನ್ನು ಕಂಬಕ್ಕೆ ಒತ್ತಿದಳು:
ಸೊಂಟದೆತ್ತರಕ್ಕೊಂದು ತಗ್ಗು,
ಬೋಗುಣಿಯ ಒಳಮೈಯಷ್ಟು ನುಣುಪು,
ಯಾವ ಉಳಿಯೂ ಮಾಡದ್ದು.

ಹೊರಗೆ ಬಿಸಿಲು ಕಪಾಳಕ್ಕೆ ಬಾರಿಸಿತು.
ಕೀಲಿಕೈ ಎರಡು ಸುತ್ತು ತಿರುವಿ, ಬಾಗಿಲು ನೂಕಿ ನೋಡಿ,
'ಅಯ್ಯೋ, ಸಾರು ತಳ ಹಿಡಿದಿರುತ್ತೆ' ಎಂದು
ಹೊರಟೇಹೋದಳು.

ಬಸ್ಸಿಗೆ ಇನ್ನೂ ಒಂದು ತಾಸು.
ಮುಷ್ಟಿ ಬಿಗಿದು ಕೂತೆ,
ತಂಪು ಎಷ್ಟು ಹೊತ್ತು ಉಳಿಯುತ್ತದೋ ನೋಡೋಣ ಎಂದು.