ಮುಂದಿನ ಅಂಕಿ

ಲಾನ್ಸೆಸ್ಟನ್ನಿನಲ್ಲಿ ಜುಲೈ ಅಂದರೆ
ಹತ್ತು ಹೊಡೆದರೂ ನದಿಯ ಮೇಲಿಂದ ಮಂಜು ಏಳದ ಚಳಿ.
ಅಡುಗೆಮನೆಯ ಮೇಜಿನ ಮೇಲೆ ಇಳಾಳ ಭಾಗಾಕಾರ:
ಏಳುನೂರ ನಲವತ್ತೈದನ್ನು ಏಳರಿಂದ.
ಅವಳ ಉತ್ತರ ಹದಿನಾರು, ಶೇಷ ಮೂರು.
ಅಷ್ಟೊಂದನ್ನು ಏಳು ಮಂದಿಗೆ ಹಂಚಿದರೆ
ತಲೆಗೆ ಹದಿನಾರೇ? ಮಿಕ್ಕದ್ದು ಯಾರ ಪಾಲು?
ಕೇಳಬೇಕಿತ್ತು ನಾನು. ಕೇಳಲಿಲ್ಲ.

ರಾತ್ರಿಪಾಳಿಯ ಕಣ್ಣು ಉರಿಯುತ್ತಿತ್ತು,
ರಬ್ಬರು ತಿಕ್ಕಿ ತಿಕ್ಕಿ ಹಾಳೆ ತೂತಾಗಿತ್ತು,
ಅವಳ ಕೆಳತುಟಿ ನಡುಗುತ್ತಿತ್ತು.
ತಲೆ ಸವರಿ, ಪ್ರೀತಿಯಿಂದಲೇ, ಅಂದೆ:
ಬಿಡು ಮಗಾ, ನಮ್ಮ ವಂಶಕ್ಕೇ ಲೆಕ್ಕ ಬರೋದಿಲ್ಲ.

ನನಗೂ ಹೀಗೇ ಹೇಳಿದ್ದರು.
ಜ್ವರ ನೋಡುವವರ ಹಾಗೆ ದೊಡ್ಡಪ್ಪ
ಹಣೆ ಮುಟ್ಟಿ, ಇಲ್ಲಿ ಬರೆದಿಲ್ಲಮ್ಮ, ಅಂದಿದ್ದರು.
ಎಷ್ಟು ಹಾಯೆನಿಸಿತ್ತು ಆ ದಿನ!
ಬರೆಯದ ಹಣೆಗೆ ಕುಂಕುಮವಿಟ್ಟು
ಮೂವತ್ತು ವರ್ಷ
ಅಂಗಡಿಯವ ಕೊಟ್ಟ ಚಿಲ್ಲರೆ ಎಣಿಸದೆ ಬದುಕಿದೆ.

ಮಿಸೆಸ್ ಬೀಸ್ಲಿಯೂ ಮೊದಲ ಭೇಟಿಯಲ್ಲಿ
ನಕ್ಕು ಅಂದಿದ್ದರು,
ನಿಮ್ಮ ಈಲಾ ಪದಗಳ ಮಗು, ಅಂಕಿಗಳದಲ್ಲ.
ಈಲಾ ಅಲ್ಲ ಮಿಸ್. ಇಳಾ.
ಇಲಾ. ಇಡಾ. ಇರ್ಲಾ.
ಅಯ್ಯೋ, ಐವತ್ತೆಂಟರ ನಾಲಿಗೆ ಇದು,
ಇನ್ನೆಲ್ಲಿ ಮಡಿಸಲಿ?
ನಾನೂ ತಲೆಯಾಡಿಸಿದೆ, ಗಿಡವಾಗಿ ಬಗ್ಗದ್ದು...
ಇಳಾ ಮಾತ್ರ ಬಾಯಿ ಅಗಲಿಸಿ
ನಾಲಿಗೆಯ ತುದಿಯನ್ನು ಹಿಂದಕ್ಕೆ ಸುರುಳಿ ಸುತ್ತಿ ತೋರಿಸಿದಳು:
ಇಲ್ಲಿಗೆ ಮಿಸ್. ಹಲ್ಲಿಗಲ್ಲ, ಅಂಗುಳಿಗೆ.

ಆಗಸ್ಟಿನಲ್ಲಿ ನಾನು ಮೂರನೇ ಸಲ ಫೇಲಾದೆ.
ಏರಿನಲ್ಲಿ ಕ್ಲಚ್ಚು ಬಿಟ್ಟು, ಗಾಡಿ ಹಿಂದಕ್ಕೆ ಜಾರಿ,
ಪರೀಕ್ಷಕರು ಡ್ಯಾಶ್‌ಬೋರ್ಡು ಹಿಡಿದುಕೊಂಡು.
ಮನೆಗೆ ಬಂದು ಹಳದಿ ಎಲ್ ಬೋರ್ಡನ್ನು
ಕಸದ ಡಬ್ಬಿಯ ಮುಚ್ಚಳದ ಮೇಲಿಟ್ಟೆ.
ಒಳಗೆ ಹಾಕಲು ಮನಸ್ಸಾಗಲಿಲ್ಲ.
ಇಳಾ ಬಂದು ತಲೆ ಸವರಿದಳು.
ಬಿಡಮ್ಮಾ, ನಮ್ಮ ವಂಶಕ್ಕೇ ಗೇರು ಬರೋದಿಲ್ಲ.

ದೊಡ್ಡಪ್ಪನ ದನಿ.
ಪಾಸ್‌ಪೋರ್ಟಿಲ್ಲದೆ ಸಮುದ್ರ ದಾಟಿ,
ನನ್ನ ಬಾಯಲ್ಲೇ ಇಳಿದು,
ಈಗ ಮಗಳ ಬಾಯಲ್ಲಿ ಬಾಡಿಗೆ ಮನೆ ಹಿಡಿದಿತ್ತು.

ನಮ್ಮ ಮಾತಿನಲ್ಲಿ ಎಲ್ಲವೂ ಬರಬೇಕು:
ಈಜು ಬರಬೇಕು, ಹಾಡು ಬರಬೇಕು, ಲೆಕ್ಕ ಬರಬೇಕು.
ನೆಂಟರ ಹಾಗೆ.
ಹೊಸಿಲಲ್ಲಿ ಕೂತು ಬರಲಿಲ್ಲವೆಂದು ಬೈಯುತ್ತೇವೆ,
ಬಸ್‌ಸ್ಟಾಪಿನ ತನಕ ಎದ್ದು ಹೋಗಿ
ಕೈಯಿಂದ ಚೀಲ ಇಸಕೊಂಡು ಕರೆತರುವುದಿಲ್ಲ.

ಆ ರಾತ್ರಿ ತೊಗರಿಬೇಳೆಯ ಡಬ್ಬ ಸುರಿದೆವು.
ಏಳು ಲೋಟ. ಎಣಿಸಿದ್ದು ಏಳುನೂರ ನಲವತ್ತೈದು,
ನಡುವೆ ನಾನೇ ಎರಡು ಸಲ ತಪ್ಪಿದೆ.
ಲೋಟಕ್ಕೆ ಹದಿನಾರಾದರೂ ರಾಶಿ ಕರಗಲಿಲ್ಲ.
ಇನ್ನೂ ಇದೆಯಲ್ಲಮ್ಮಾ! ಅಂದಳು,
ಯಾರೋ ಅವಳಿಂದ ಕದ್ದಿಟ್ಟಿದ್ದು ಸಿಕ್ಕಿದ ಹಾಗೆ.
ಹನ್ನೊಂದೂವರೆಗೆ ಕಳ್ಳ ಸಿಕ್ಕಿತು. ಸೊನ್ನೆ.
ನಾಲ್ಕರಲ್ಲಿ ಏಳು ಹೋಗೋದಿಲ್ಲ ಅಂತ
ಆ ಜಾಗವನ್ನೇ ಬಿಟ್ಟಿದ್ದಳು.
ಹೋಗದಿದ್ದರೆ ಸೊನ್ನೆ ಬರಿ ಮಗಾ, ಅಂದೆ,
ನನಗೂ ಆಗಷ್ಟೇ ತಿಳಿದದ್ದು,
ಆಮೇಲೆ ಮುಂದಿನ ಅಂಕಿ ಇಳಿಸಿಕೋ.

ಪುಸ್ತಕದಲ್ಲಿ ಮಿಸೆಸ್ ಬೀಸ್ಲಿ ನಕ್ಷತ್ರ ಹಚ್ಚಲಿಲ್ಲ.
ಬರೆದರು: ಬೇಳೆ ತಾ. ಶುಕ್ರವಾರ ನನಗೂ ತೋರಿಸು.
ಸೆಪ್ಟೆಂಬರಿನ ಒಂದು ಹಾಜರಿಯಲ್ಲಿ
ಇ ಅಂದು ನಿಂತು, ಕಣ್ಣು ಮುಚ್ಚಿ, ಳಾ ಅಂದರಂತೆ,
ಅರ್ಧ ಕೆಮ್ಮು, ಅರ್ಧ ಡ.
ಮಾರನೆಯ ದಿನ ಮತ್ತೆ ಕಳೆದುಹೋಗಿತ್ತಂತೆ.

ಇವತ್ತು ಬಾಲ್ಫರ್ ಬೀದಿಯ ಏರು.
ಪಕ್ಕದಲ್ಲಿ ನೆರೆಯ ಗ್ವೆನ್, ಮಡಿಲಲ್ಲಿ ಹೆಣಿಗೆ.
ಎಂಜಿನ್ ಒಮ್ಮೆ ಒದರಿ ಸತ್ತಿತು.
ಹಿಂದಿನ ವ್ಯಾನಿನವ ಹಾರ್ನ್ ಒತ್ತಿದ.
ಗ್ವೆನ್ ಒಂದು ಕುಣಿಕೆ ಹಾಕಿ ಸುಮ್ಮನಿದ್ದಳು.
ಹಿಂದಿನ ಸೀಟಿನಿಂದ, ಚಿಪ್ಸು ಜಗಿಯುತ್ತಾ:
ಸೊನ್ನೆ ಬರಿಯಮ್ಮಾ.
ಮುಂದಿಂದು ಇಳಿಸ್ಕೋ.