ಒಂದೆಳೆ ಕಡಿಮೆಯ ಹಾಸು

ಗುಳೇದಗುಡ್ಡದಲ್ಲಿ ನಾನು ಕೆಚ್ಚುವವಳು.
ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ತುದಿ,
ಬೆರಳಿಗೆ ಬೂದಿ, ಒಂದು ತಿರುವು, ಒಂದು ಎಳೆತ,
ಹೀಗೆ ಎರಡು ಸಾವಿರದ ನಾನೂರು ಸಲ.
ಆಮೇಲಿನ ಕಣ, ಕಣದ ಮೇಲಿನ ತೇರು, ಕಳವಾರ, ಸೂಜಿಮಲ್ಲಿಗೆ
ಲಾಳಿ ಹಿಡಿದವರ ಹೆಸರಿಗೆ.

ಎಳೆ ನಿಂತ ಹಾಗೆ ನನಗೆ ಅಂಕಿ ನಿಲ್ಲುತ್ತದೆ:
ಒಂದು ಒಂದು ಒಂದು ಒಂದು
ಈ ಗೋಡೆಯಿಂದ ಆ ಗೋಡೆಗೆ, ಒಂದೇ ಸಂಖ್ಯೆ.
ಕೋಟಿ ಅದರ ಕಾಲ್ಬೆರಳಿಗೂ ಸಾಲದು.
ಒಂಬತ್ತನೇ ಇಯತ್ತೆಯಲ್ಲಿ ರಾಜೂರ ಮಾಸ್ತರು ಹೇಳಿದ್ದು:
"ಓದಾಕ ಬರದಿದ್ರ ಅಂಜಬ್ಯಾಡ, ಭಾಗಸಿ ನೋಡು."
ಹತ್ತನೆಯದಕ್ಕೆ ನಾನು ಹೋಗಲಿಲ್ಲ.

ಎರಡು ಸಾವಿರದ ನಾನೂರು ಒಂದುಗಳು ಸಾಧು.
ಎರಡೆರಡು ಹಿಡಿದರೆ ಹನ್ನೊಂದು ಒಳಗೆ ಕೂತಿರುತ್ತದೆ,
ಮೂರು ಮೂರಕ್ಕೆ ಮೂವತ್ತೇಳು,
ನಾಕು ನಾಕಕ್ಕೆ ನೂರಾ ಒಂದು,
ಆರಾರು ಹಿಡಿದರೆ ಏಳೂ ಬಂತು, ಹದಿಮೂರೂ ಬಂತು.
ಬೀಗರೂಟದ ಪಂಕ್ತಿ, ಯಾರಿಗೂ ಎಲೆ ತಪ್ಪುವುದಿಲ್ಲ.

ಆ ಸೋಮವಾರ ಚಿಲ್ಲಾಳರ ತಿಪ್ಪಣ್ಣ ತಂದ ಹಾಸಿನಲ್ಲಿ
ಒಂದೆಳೆ ಕಡಿಮೆ. ಎರಡು ಸಲ ಎಣಿಸಿದೆ.
"ದಡ್ಯಾಗ ಮುಚ್ಚಿ ಹೊಕ್ಕೈತಿ, ಕೆಚ್ಚು ನೀ."
ಅವನಿಗೆ ದಡಿಯ ಮಾತು.
ನನಗೆ ಪಂಕ್ತಿಯೇ ಎದ್ದು ಹೋಗಿತ್ತು.
೨೩೯೯: ಏಳರ ಮನೆಯಲ್ಲಿ ಐದು ಉಳಿಯಿತು,
ಹನ್ನೊಂದರಲ್ಲಿ ಒಂದು, ಹದಿಮೂರರಲ್ಲಿ ಏಳು,
ನಲವತ್ತೇಳರ ತನಕ ಬಾಗಿಲು ಬಡಿದು ಬಂದೆ,
ಅದರಾಚೆ ಬಡಿಯಬೇಕಿಲ್ಲ.

ಆದರೆ ಉದ್ದ ಒಡೆಯದಿದ್ದರೆ ಹಾಸು ಒಡೆಯದೆಂದೇನು?
ಐದು ಒಡೆಯದು. ಐದು ಒಂದುಗಳು ಒಡೆಯುತ್ತವೆ,
ನಲವತ್ತೊಂದಕ್ಕೆ, ಇನ್ನೂರ ಎಪ್ಪತ್ತೊಂದಕ್ಕೆ.
ಹತ್ತರ ಮಗ್ಗಿಗೆ ಒಂದು ಕೂಡಿಸಿದರೆ ಇಬ್ಬರೂ ಸಿಗುತ್ತಾರೆ.
ಏಳು ಒಂದುಗಳನ್ನು ಒಡೆದೆ: ಹದಿನಾಲ್ಕರ ಮಗ್ಗಿ, ಮೇಲೊಂದು.
ಹನ್ನೊಂದನ್ನು ಒಡೆಯಲು ಹಳೇ ಕ್ಯಾಲೆಂಡರಿನ ಬೆನ್ನು ಸಾಲಲಿಲ್ಲ;
ಅಲ್ಲೂ ಇಪ್ಪತ್ತೆರಡರ ಮಗ್ಗಿ, ಮೇಲೊಂದು.
ಒಳಗೆ ಹೊಕ್ಕವರೆಲ್ಲ ಉದ್ದದ ಇಮ್ಮಡಿಯನ್ನು ಹೊತ್ತು
ಒಂದು ಹೆಚ್ಚಿಗೆ ತಂದವರು.
ಹಾಗಾದರೆ ಇಲ್ಲಿ ಮೊದಲು ಕೇಳಬೇಕಾದವನು
೪೭೯೯.

ಮಂಗಳವಾರ ಕೆಚ್ಚುತ್ತಲೇ ಭಾಗಿಸಿದೆ.
ಗಂಟಿಗೊಂದು ಶೇಷ: ಉಳಿದದ್ದು ಹತ್ತುಪಟ್ಟು, ಮೇಲೊಂದು,
ಆದಷ್ಟು ಕಳೆ.
ಒಂದು. ಹನ್ನೊಂದು. ನೂರಾ ಹನ್ನೊಂದು.
ಸಾವಿರದ ನೂರಾ ಹನ್ನೊಂದು.
ಐದನೇ ಎಳೆಗೆ ೧೫೧೩, ಆರಕ್ಕೆ ೭೩೪,
ಏಳಕ್ಕೆ ೨೫೪೨.
ನೂರು ಗಂಟಿಗೊಮ್ಮೆ ಇದ್ದಲಿಯಿಂದ ಗೋಡೆಗೆ ಬರೆದೆ.
ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಪವರ್‌ಲೂಮುಗಳು
ಒಟ್ಟಿಗೆ ಬಾಯಿ ಮುಚ್ಚಿದಾಗ
ಬಾಯಲ್ಲಿದ್ದ ಅಂಕಿ ಜಾರಿತು;
ನಲವತ್ತು ಗಂಟು ಹಿಂದೆ ಹೋಗಿ ಮತ್ತೆ ಹಿಡಿದೆ.
ರೊಟ್ಟಿ ತಿನ್ನಲಿಲ್ಲ. ಅತ್ತೆ ಎರಡು ಸಲ ಕರೆದು ಬಿಟ್ಟರು.
ಬಂದ ಶೇಷ ಮತ್ತೊಮ್ಮೆ ಬರಲಿಲ್ಲ.
ಸಂತೆಯಲ್ಲಿ ಒಂದೂ ಪರಿಚಯದ ಮುಖ ಕಾಣದ ಹಾಗೆ,
ಎಲ್ಲರೂ ಹೊಸಬರು, ಎಲ್ಲರೂ ಎಲ್ಲಿಗೋ ಹೊರಟವರು.

ಬುಧವಾರ ಹೊತ್ತು ಮುಳುಗುವಾಗ ಕೊನೆಯ ಹಿಂದಿನ ಗಂಟು: ೪೩೧೯.
ಹತ್ತುಪಟ್ಟು, ಮೇಲೊಂದು: ೪೩೧೯೧.
ಒಂಬತ್ತು ಸಲ ೪೭೯೯ ಎಷ್ಟು?
ಮತ್ತೆ ಮಾಡಿದೆ. ಅಷ್ಟೇ.
ಏನೂ ಉಳಿಯಲಿಲ್ಲ.

ಬೆರಳಲ್ಲಿ ಎಳೆ ಹಾಗೇ ಇತ್ತು, ಗಂಟು ಹಾಕುವುದು ಮರೆತಿದ್ದೆ.
ಬಾಗಿಲಲ್ಲಿ ತಿಪ್ಪಣ್ಣ: "ಮುಗೀತೇನು?"
"ಮುಗೀತು" ಅಂದೆ.
ಅವನು ಕೇಳಿದ್ದಕ್ಕೂ ಅದೇ ಉತ್ತರ, ನಡೀತು.

ಭಾಗಿಸಿ ಬಂದದ್ದು ಇನ್ನೂ ದೊಡ್ಡದೇ,
ಎರಡು ಸಾವಿರದ ಮುನ್ನೂರ ತೊಂಬತ್ತೈದು ಅಂಕಿ,
ಎರಡು ಮೂರು ಒಂದು ಐದರಿಂದ ಶುರು, ಒಂಬತ್ತಕ್ಕೆ ಕೊನೆ.
ಅದು ಒಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.
ನಡುವಿನ ಅಂಕಿಗಳನ್ನು ಬರೆದಿಡಲಿಲ್ಲ; ಗೋಡೆ ನಮ್ಮದಲ್ಲ.

ಶುಕ್ರವಾರದ ಹಾಸು ಪೂರಾ ಇತ್ತು, ಎರಡು ಸಾವಿರದ ನಾನೂರು.
ಎರಡು ಸಲ ಎಣಿಸಿದೆ.
ಮೂರನೆಯ ಸಲ ಯಾಕೆ ಎಣಿಸಿದೆನೋ.